ಯಂತ್ರಗಳ ಪಟ್ಟಿಗೆ ಮುನ್ನ ಮನುಷ್ಯರ ಪರಿಚಯ

ನಮ್ಮ ಜಿಲ್ಲೆಯಲ್ಲಿ ಹೊಸ ಉದ್ಯಮಕ್ಕಾಗಿ ಸಿದ್ಧವಾಗುವ ಯಾವುದೇ ಯೋಜನಾ ವರದಿಯನ್ನು ತೆರೆದು ನೋಡಿದರೂ ಅದರ ರಚನೆ ಹೆಚ್ಚುಕಡಿಮೆ ಒಂದೇ ಬಗೆಯದಾಗಿರುತ್ತದೆ. ನಿವೇಶನದ ವಿಸ್ತೀರ್ಣ, ಶೆಡ್ಡಿನ ಅಳತೆ, ವಿದ್ಯುತ್ ಮಂಜೂರಾತಿ, ಯಂತ್ರಗಳ ದರಪಟ್ಟಿ, ಕಚ್ಚಾವಸ್ತುವಿನ ಮೂಲ, ಮುಂದಿನ ಐದು ವರ್ಷಗಳ ಲಾಭದ ಅಂದಾಜು, ಇವೆಲ್ಲವೂ ಪುಟಗಟ್ಟಲೆ ಇರುತ್ತವೆ. ಈ ಉದ್ಯಮವನ್ನು ನಡೆಸುವವರು ಯಾರು ಎಂಬ ವಿಷಯಕ್ಕೆ ಮೀಸಲಾದದ್ದು ಮಾತ್ರ ಅರ್ಧ ಪುಟ. ಅದರಲ್ಲಿಯೂ ಹೆಸರು, ತಂದೆಯ ಹೆಸರು, ವಯಸ್ಸು, ವಿದ್ಯಾರ್ಹತೆ, ವಿಳಾಸ. ಅಲ್ಲಿಗೆ ಮುಗಿಯಿತು.

ಬ್ಯಾಂಕಿನ ಸಾಲಕ್ಕೆ ಇಷ್ಟು ಸಾಕಾಗುತ್ತಿತ್ತು. ಬ್ಯಾಂಕಿನವರಿಗೆ ಅಡಮಾನದ ಆಸ್ತಿ ಇರುತ್ತದೆ, ಜಾಮೀನುದಾರರು ಇರುತ್ತಾರೆ, ಕಂತು ತಪ್ಪಿದರೆ ವಸೂಲಿಗೆ ಕಾನೂನಿನ ದಾರಿ ಇರುತ್ತದೆ. ಆದರೆ ಉದ್ಯಮದ ಪಾಲನ್ನು ಕೊಂಡು ಹಣ ತೊಡಗಿಸುವ ಹೂಡಿಕೆದಾರನಿಗೆ ಇವು ಯಾವುವೂ ಇಲ್ಲ. ಉದ್ಯಮ ಬೆಳೆದರೆ ಅವನ ಹಣವೂ ಬೆಳೆಯುತ್ತದೆ. ಮುಳುಗಿದರೆ ಅದರೊಡನೆ ಮುಳುಗುತ್ತದೆ. ಅವನ ಪಾಲಿಗೆ ಅಡಮಾನವೆಂದರೆ ಆ ಉದ್ಯಮವನ್ನು ನಡೆಸುವ ಮನುಷ್ಯರೇ. ಆದ್ದರಿಂದ ಅವನು ಮೊದಲು ತೆರೆಯುವುದು ನಾವು ಅರ್ಧಕ್ಕೇ ಬಿಟ್ಟ ಆ ಪುಟವನ್ನು.

ಇದು ನಮಗೆ ಹೊಸ ತತ್ತ್ವವೇನೂ ಅಲ್ಲ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಮುಂಗಡ ಕೊಡುವ ವರ್ತಕರು ತೋಟದ ಪಹಣಿಯನ್ನಷ್ಟೇ ನೋಡಿ ಹಣ ಕೊಟ್ಟವರಲ್ಲ. ಬೆಳೆಗಾರ ಯಾರು, ಕೊಟ್ಟ ಮಾತಿಗೆ ನಿಲ್ಲುವವನೇ, ಮನೆಯಲ್ಲಿ ತೋಟ ನೋಡಿಕೊಳ್ಳುವವರು ಯಾರು, ಅಣ್ಣತಮ್ಮಂದಿರಲ್ಲಿ ಹೊಂದಾಣಿಕೆ ಇದೆಯೇ ಎಂಬುದನ್ನೆಲ್ಲ ವಿಚಾರಿಸಿಯೇ ಕೊಡುತ್ತಿದ್ದರು. ಹಣ ಕೊಡುವಾಗ ಇಷ್ಟು ವಿವೇಚನೆ ತೋರಿಸುವ ನಾವು, ಹಣ ಕೇಳಲು ಹೋದಾಗ ಅದೇ ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸಿಕೊಳ್ಳುವುದಿಲ್ಲವೇಕೆ ಎಂಬುದೇ ಈ ಲೇಖನದ ಪ್ರಶ್ನೆ.

ತೆರೆದಿರುವ ಬಾಗಿಲುಗಳು

ಈ ಪ್ರಶ್ನೆಯನ್ನು ಈಗ ಎತ್ತಲು ಕಾರಣವಿದೆ. ಹಿಂದೆ ಪಾಲು ಬಂಡವಾಳದ ಮಾತು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಸೇರಿದ್ದೆಂದು ನಾವು ಸುಮ್ಮನಿದ್ದೆವು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಸ್ಟಾರ್ಟಪ್ ಇಂಡಿಯಾ ಕಾರ್ಯಕ್ರಮ ಆರಂಭವಾಯಿತು. 2017ರಲ್ಲಿ ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆ ಬಂದಿತು. ಇದರಲ್ಲಿ ಆಯ್ಕೆಯಾದ ನವೋದ್ಯಮಕ್ಕೆ 50 ಲಕ್ಷ ರೂಪಾಯಿಗಳವರೆಗೆ ಸಹಾಯಧನ ದೊರೆಯುತ್ತದೆ. 2021ರಲ್ಲಿ ಆರಂಭವಾದ ಕೇಂದ್ರದ ಬೀಜನಿಧಿ ಯೋಜನೆಯಲ್ಲಿ, ಮಾದರಿ ಸಿದ್ಧಪಡಿಸುವ ಹಂತಕ್ಕೆ 20 ಲಕ್ಷದವರೆಗೆ ಅನುದಾನಕ್ಕೂ ಮಾರುಕಟ್ಟೆ ಪ್ರವೇಶದ ಹಂತಕ್ಕೆ 50 ಲಕ್ಷದವರೆಗೆ ಸಾಲ ಮೊದಲಾದ ರೂಪದ ನೆರವಿಗೂ ಅವಕಾಶ ಕಲ್ಪಿಸಲಾಯಿತು. ಷೇರಿಗೆ ನ್ಯಾಯವಾದ ಮೌಲ್ಯಕ್ಕಿಂತ ಹೆಚ್ಚು ಬೆಲೆ ಪಡೆದರೆ ಕಂಪನಿಯ ಮೇಲೆ ಬೀಳುತ್ತಿದ್ದ, 'ಏಂಜೆಲ್ ತೆರಿಗೆ' ಎಂದು ಕುಖ್ಯಾತವಾಗಿದ್ದ ತೆರಿಗೆಯನ್ನು 2024ರ ಜುಲೈ ತಿಂಗಳ ಮುಂಗಡಪತ್ರದಲ್ಲಿ ಕೈಬಿಡಲಾಯಿತು. 2023ರಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ದೂರದ ಊರಿನ ಹೂಡಿಕೆದಾರ ಇಲ್ಲಿಗೆ ಬಂದು ಹೋಗುವುದೂ ಸುಲಭವಾಗಿದೆ.

ಈ ಎಲ್ಲ ಬಾಗಿಲುಗಳಲ್ಲಿಯೂ ಒಂದು ಸಮಾನ ಕ್ರಮವಿದೆ. ಉದ್ಯಮಿಗಳು ತೀರ್ಪುಗಾರರ ಅಥವಾ ಹೂಡಿಕೆದಾರರ ಎದುರು ನಿಂತು, ಹತ್ತು ಹದಿನೈದು ನಿಮಿಷಗಳಲ್ಲಿ ತಮ್ಮ ಉದ್ಯಮವನ್ನೂ ತಮ್ಮ ತಂಡವನ್ನೂ ಪರಿಚಯಿಸಬೇಕು. ನಮ್ಮ ಹುಡುಗರು ಹಲವು ಸಲ ಎಡವುತ್ತಿರುವುದು ಈ ಎರಡನೆಯ ಭಾಗದಲ್ಲಿ.

ಹಿಂದಿನ ಸಾಲಿನಲ್ಲಿ ಕುಳಿತವರು

ಕೆಲಕಾಲದ ಹಿಂದೆ ಇಂತಹ ಒಂದು ಸಭೆಯಲ್ಲಿ ಶ್ರೋತೃವಾಗಿ ಕುಳಿತುಕೊಳ್ಳುವ ಅವಕಾಶ ನನಗೆ ಒದಗಿತು. ಮಾಚೇನಹಳ್ಳಿಯ ಕಡೆ ಎರಕದ ಘಟಕವೊಂದನ್ನು ಆರಂಭಿಸಲು ಹೊರಟ ಮೂವರು ಯುವಕರು ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ಸೊಗಸಾಗಿ ಮಾತನಾಡಿದರು. ತಂಡದ ಪರಿಚಯದ ಪುಟದಲ್ಲಿ ನಾಲ್ಕು ಭಾವಚಿತ್ರಗಳಿದ್ದವು. ಮೂರು ಆ ಯುವಕರದು. ಹೆಸರಿನ ಕೆಳಗೆ ಪದವಿಗಳು. ನಾಲ್ಕನೆಯದು ಒಬ್ಬ ಯುವಕನ ತಂದೆಯವರದು. ಅವರಿಗೆ ಅಧ್ಯಕ್ಷರೆಂಬ ಸ್ಥಾನ. ಅವರು ನಿವೇಶನದ ಮಾಲೀಕರೇ ಹೊರತು ಎರಕದ ಕೆಲಸಕ್ಕೂ ಅವರಿಗೂ ಸಂಬಂಧವಿರಲಿಲ್ಲ.

ಹೂಡಿಕೆದಾರರು ಕೇಳಿದ ಮೊದಲ ಪ್ರಶ್ನೆ: "ಎರಕದಲ್ಲಿ ಗಾಳಿಗುಳ್ಳೆ ಬಂದು ನೂರಕ್ಕೆ ಹದಿನೈದು ಮಾಲು ವಾಪಸು ಬಂದರೆ, ಆ ದಿನ ಕುಲುಮೆಯ ಹತ್ತಿರ ನಿಂತು ತೀರ್ಮಾನ ತೆಗೆದುಕೊಳ್ಳುವವರು ನಿಮ್ಮಲ್ಲಿ ಯಾರು?"

ಮೂವರೂ ಹಿಂದಕ್ಕೆ ತಿರುಗಿ ನೋಡಿದರು. ಕೊನೆಯ ಸಾಲಿನಲ್ಲಿ, ಭದ್ರಾವತಿಯ ಕಾರ್ಖಾನೆಯಲ್ಲಿ ಮೂರು ದಶಕ ಎರಕದ ವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಅವರ ಹೆಸರು ಆ ಪುಟದಲ್ಲಿರಲಿಲ್ಲ. ಏಕೆಂದು ವಿಚಾರಿಸಿದಾಗ, "ಸರ್, ಅವರು ಎಸ್ಸೆಸ್ಸೆಲ್ಸಿ. ಪುಟದಲ್ಲಿ ಹಾಕಿದರೆ ತೂಕ ಕಡಿಮೆಯಾಗುತ್ತದೆ ಎಂದುಕೊಂಡೆವು" ಎಂದು ಯುವಕನೊಬ್ಬ ಸಂಕೋಚದಿಂದ ಹೇಳಿದ.

"ಯಜಮಾನರೇ, ನೀವೇ ಹೇಳಿ" ಎಂದು ಹೂಡಿಕೆದಾರರು ಅವರನ್ನು ಮುಂದೆ ಕರೆದರು. ಆ ಹಿರಿಯರು ಯಾವ ಪೀಠಿಕೆಯೂ ಇಲ್ಲದೆ ಮಾತನಾಡಿದರು. ಮಲೆನಾಡಿನ ಮಳೆಗಾಲದಲ್ಲಿ ಅಚ್ಚಿನ ಮರಳಿನ ತೇವವನ್ನು ಬೆಳಿಗ್ಗೆ ಒಂದು ಸಲ ನೋಡಿದರೆ ಸಾಲದು, ಪಾಳಿಗೆ ಹಲವು ಸಲ ನೋಡಬೇಕು. ದೋಷ ಮರಳಿನದೋ, ಅಚ್ಚಿನ ಗಾಳಿದಾರಿಯದೋ, ಸುರಿಯುವ ಲೋಹದ ಶಾಖದ್ದೋ ಎಂಬುದನ್ನು ಒಡೆದ ಮಾಲನ್ನು ಕೈಯಲ್ಲಿ ಹಿಡಿದು ತಿಳಿಯಬೇಕು. ತಿಳಿಯದೆ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಕಾರಣ ಎಂದಿಗೂ ಸಿಕ್ಕುವುದಿಲ್ಲ ಎಂದರು. ಸಭೆಯಲ್ಲಿ ಅಲ್ಲಿಯವರೆಗೆ ಕೇಳಿದ ಮಾತುಗಳಲ್ಲಿ ಇದೇ ಅತ್ಯಂತ ಬೆಲೆಯುಳ್ಳದ್ದು ಎಂಬುದು ಎಲ್ಲರಿಗೂ ತಿಳಿಯಿತು.

ಆ ದಿನ ಅವರಿಗೆ ಹಣ ದೊರೆಯಲಿಲ್ಲ. "ಈ ಹಿರಿಯರಿಗೆ ನಿಮ್ಮ ಉದ್ಯಮದಲ್ಲಿ ಪಾಲಿದೆಯೇ, ಸಂಬಳವೇ, ಬರಿಯ ಸಲಹೆಯೇ? ನಾಳೆ ಬೇರೆಯವರು ಹೆಚ್ಚು ಸಂಬಳಕ್ಕೆ ಕರೆದರೆ ನಿಮ್ಮ ಕುಲುಮೆಯ ಗತಿಯೇನು? ಇದನ್ನು ಇತ್ಯರ್ಥ ಮಾಡಿಕೊಂಡು ಬನ್ನಿ" ಎಂದು ಕಳುಹಿಸಿದರು. ಹೂಡಿಕೆದಾರರು ಕೇಳಿದ್ದು ನ್ಯಾಯವಾಗಿಯೇ ಇತ್ತು ಎಂಬುದು ನನ್ನ ಅಭಿಪ್ರಾಯ.

ಭದ್ರಾವತಿಯ ನಿಜವಾದ ಆಸ್ತಿ

ಈ ಪ್ರಸಂಗವನ್ನು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಸೌದೆ ಇದ್ದಿಲನ್ನು ನಂಬಿ ಸ್ಥಾಪಿತವಾದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಆರಂಭದ ಕಷ್ಟದ ವರ್ಷಗಳಲ್ಲಿ, 1923ರಿಂದ 1929ರವರೆಗೆ, ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ನೇರ ಹೊಣೆ ಹೊತ್ತರು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಈ ಎರಡು ಕಾರ್ಖಾನೆಗಳು ಕಬ್ಬಿಣ ಮತ್ತು ಕಾಗದದ ಜೊತೆಗೆ ನುರಿತ ಕೆಲಸಗಾರರ ಹಲವು ತಲೆಮಾರುಗಳನ್ನೂ ತಯಾರಿಸಿದವು. ಶಿವಮೊಗ್ಗದ ಸುತ್ತ ಇಷ್ಟು ಎರಕದ ಘಟಕಗಳು ಮತ್ತು ಯಂತ್ರಭಾಗಗಳ ತಯಾರಿಕಾ ಘಟಕಗಳು ತಲೆಯೆತ್ತಿದ್ದರಲ್ಲಿ ಆ ಕೈಗಳ ಪಾಲು ದೊಡ್ಡದು.

ಇಂದು ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಕಳೆದಿವೆ. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಭದ್ರಾವತಿ ಅನುಭವಿಸಿದ ಆತಂಕ ನಮ್ಮೆಲ್ಲರಿಗೂ ನೆನಪಿದೆ. ಕಾರ್ಮಿಕರ ಹೋರಾಟದ ನಂತರ ಅದೇ ವರ್ಷ ಒಂದಿಷ್ಟು ಉತ್ಪಾದನೆ ಮರಳಿ ಆರಂಭವಾಯಿತು. ಕಾರ್ಖಾನೆಗಳ ಭವಿಷ್ಯ ನಮ್ಮ ಕೈಯಲ್ಲಿಲ್ಲ. ಆದರೆ ಅವು ಕಲಿಸಿದ ವಿದ್ಯೆ ಇನ್ನೂ ಹಳೇನಗರದ, ನ್ಯೂಟೌನಿನ ಮನೆಗಳಲ್ಲಿ ಜೀವಂತವಾಗಿದೆ. ಅದನ್ನು ಪದವಿಯ ಕಾಗದ ಇಲ್ಲವೆಂಬ ಕಾರಣಕ್ಕೆ ಹಿಂದಿನ ಸಾಲಿನಲ್ಲಿ ಕೂರಿಸಿದರೆ, ನಾವು ನಮ್ಮ ಅತ್ಯುತ್ತಮ ಬಂಡವಾಳವನ್ನು ಮುಚ್ಚಿಟ್ಟು ಪರರ ಬಂಡವಾಳಕ್ಕೆ ಕೈಚಾಚಿದಂತೆ ಆಗುತ್ತದೆ.

ಹೊರನಾಡಿನ ಒಂದು ಉದಾಹರಣೆ ಇಲ್ಲಿ ಸ್ಮರಣೀಯ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮೇನಾರ್ಡ್ ಎಂಬ ಊರು ಉಣ್ಣೆ ಗಿರಣಿಯೊಂದರಿಂದ ಬದುಕಿತ್ತು. 1950ರಲ್ಲಿ ಗಿರಣಿ ಮುಚ್ಚಿತು. 1957ರಲ್ಲಿ ಕೆನ್ ಓಲ್ಸೆನ್ ಮತ್ತು ಹಾರ್ಲನ್ ಆಂಡರ್ಸನ್ ಎಂಬ ಇಬ್ಬರು ಇಂಜಿನಿಯರುಗಳು ಅದೇ ಹಳೆಯ ಗಿರಣಿಯ ಕಟ್ಟಡದಲ್ಲಿ ಜಾಗ ಬಾಡಿಗೆಗೆ ಪಡೆದು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯನ್ನು ಆರಂಭಿಸಿದರು. ಅವರಿಗೆ 70,000 ಡಾಲರ್ ಬಂಡವಾಳ ಕೊಟ್ಟವರು ಹಾರ್ವರ್ಡ್ ವಾಣಿಜ್ಯ ಶಾಲೆಯ ಪ್ರಾಧ್ಯಾಪಕ ಜಾರ್ಜ್ ಡೋರಿಯೋ ಅವರ ನೇತೃತ್ವದ ಹೂಡಿಕೆ ಸಂಸ್ಥೆ. ಆ ಕಾಲದಲ್ಲಿ ಗಣಕಯಂತ್ರದ ಉದ್ಯಮವೆಂದರೆ ಹಣವಂತರು ಹಿಂಜರಿಯುತ್ತಿದ್ದರು. ಆದ್ದರಿಂದ ಯೋಜನೆಯಲ್ಲಿ ಆ ಶಬ್ದವನ್ನೇ ಬಳಸಬೇಡಿ ಎಂಬ ಸಲಹೆ ಅವರಿಗೆ ದೊರೆತಿತ್ತೆಂಬುದು ಪ್ರಸಿದ್ಧ ಸಂಗತಿ. ಉತ್ಪನ್ನದ ಹೆಸರನ್ನೇ ಹೇಳಲಾಗದ ಆ ಸ್ಥಿತಿಯಲ್ಲಿ ಅವರ ಬಳಿ ತೋರಿಸಲು ಉಳಿದಿದ್ದ ಮುಖ್ಯ ಆಸ್ತಿಯೆಂದರೆ, ಪ್ರಸಿದ್ಧ ಪ್ರಯೋಗಾಲಯದಲ್ಲಿ ಅಂತಹ ಯಂತ್ರಗಳನ್ನು ಸ್ವಂತ ಕೈಯಿಂದ ಕಟ್ಟಿದ ಅನುಭವ. ಉತ್ತಮ ಯೋಜನೆ ಹಿಡಿದ ಸಾಧಾರಣ ವ್ಯಕ್ತಿಗಿಂತ ಸಾಧಾರಣ ಯೋಜನೆ ಹಿಡಿದ ಉತ್ತಮ ವ್ಯಕ್ತಿಯೇ ಮೇಲು ಎಂಬುದು ಡೋರಿಯೋ ಅವರ ನಿಲುವಾಗಿತ್ತು.

ಬರೆದಿಡದ ಮಾತಿನ ಬೆಲೆ

ಇತರರ ತಪ್ಪನ್ನು ಎತ್ತಿ ಆಡುವ ಮುನ್ನ ನನ್ನದನ್ನೂ ಒಪ್ಪಿಕೊಳ್ಳುವುದು ಉಚಿತ. 1990ರ ದಶಕದ ಮಧ್ಯಭಾಗದಲ್ಲಿ ಇಬ್ಬರು ಸ್ನೇಹಿತರೊಡನೆ ಸೇರಿ ನಾನು ಲೇತ್ ಕೆಲಸದ ಸಣ್ಣ ಘಟಕವೊಂದನ್ನು ಆರಂಭಿಸಿದೆ. ಪಾಲುದಾರಿಕೆ ಪತ್ರದಲ್ಲಿ ಲಾಭನಷ್ಟ ಮೂವರಿಗೂ ಸಮ ಎಂದು ಬರೆಸಿದೆವು. ಯಾರ ಕೆಲಸ ಯಾವುದು ಎಂದು ಬರೆಸಲಿಲ್ಲ. ಸ್ನೇಹಿತರ ನಡುವೆ ಅದೇಕೆ ಎಂಬ ಭಾವನೆ. ಒಬ್ಬರು ನೌಕರಿಯನ್ನೂ ಬಿಟ್ಟಿರಲಿಲ್ಲ. "ರಜಾದಿನಗಳಲ್ಲಿ ಬಂದು ನೋಡಿಕೊಳ್ಳುತ್ತೇನೆ" ಎನ್ನುತ್ತಿದ್ದರು.

ದೊಡ್ಡ ಗಿರಾಕಿ ಸಂಸ್ಥೆಯೊಂದರ ಅಧಿಕಾರಿಗಳು ನಮ್ಮ ಘಟಕವನ್ನು ಪರಿಶೀಲಿಸಲು ಬಂದಾಗ, "ಗುಣಮಟ್ಟದ ಹೊಣೆ ಯಾರದು?" ಎಂದು ಕೇಳಿದರು. ನಾನೂ ನನ್ನ ಸ್ನೇಹಿತನೂ ಏಕಕಾಲಕ್ಕೆ "ನನ್ನದು" ಎಂದೆವು. "ವಸೂಲಿ ಯಾರು ನೋಡಿಕೊಳ್ಳುತ್ತೀರಿ?" ಎಂದಾಗ ಇಬ್ಬರೂ ಸುಮ್ಮನಾದೆವು. ಆ ಆರ್ಡರು ನಮಗೆ ಬರಲಿಲ್ಲ. ಮುಂದೆ ಮೂರನೆಯವರು ಹೊರಹೋಗಲು ಬಯಸಿದಾಗ ಅವರ ಪಾಲಿನ ಬೆಲೆ ಕಟ್ಟುವ ಕ್ರಮ ಪತ್ರದಲ್ಲಿರಲಿಲ್ಲ. ಅವಧಿ ನಿಗದಿಪಡಿಸದ ಇಂತಹ ಪಾಲುದಾರಿಕೆಯನ್ನು 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ ಯಾವ ಪಾಲುದಾರನಾದರೂ ಲಿಖಿತ ನೋಟೀಸು ಕೊಟ್ಟು ವಿಸರ್ಜಿಸಬಹುದು ಎಂಬುದು ನಮಗೆ ತಿಳಿದದ್ದೇ ಆಗ. ಅವರಿಗೆ ಹಣ ಹೊಂದಿಸಲು ಚೆನ್ನಾಗಿ ನಡೆಯುತ್ತಿದ್ದ ಒಂದು ಲೇತ್ ಯಂತ್ರವನ್ನು ಮಾರಬೇಕಾಯಿತು. ಯಂತ್ರವನ್ನು ಮತ್ತೆ ಕೊಂಡೆವು. ಸ್ನೇಹ ಮಾತ್ರ ಮೊದಲಿನಂತಾಗಲಿಲ್ಲ.

ಇದು ಸಣ್ಣವರಿಗಷ್ಟೇ ಬರುವ ತೊಡಕಲ್ಲ. ಮೇಲೆ ಹೇಳಿದ ಡಿಜಿಟಲ್ ಕಂಪನಿಯ ಆಂಡರ್ಸನ್ ಅವರು ಓಲ್ಸೆನ್ ಅವರೊಡನೆ ಭಿನ್ನಾಭಿಪ್ರಾಯ ಬಂದು 1966ರಲ್ಲಿ ಹೊರನಡೆದರು. ನಮ್ಮ ರಾಜ್ಯದ ಹೆಮ್ಮೆಯಾದ ಇನ್ಫೋಸಿಸ್ 1981ರಲ್ಲಿ ಏಳು ಮಂದಿ ಸ್ಥಾಪಕರಿಂದ ಆರಂಭವಾಯಿತು; ಅವರಲ್ಲೊಬ್ಬರು 1989ರಲ್ಲಿ ತಂಡವನ್ನು ಬಿಟ್ಟರು. 1990ರಲ್ಲಿ ಹತ್ತು ಲಕ್ಷ ಡಾಲರಿಗೆ ಕಂಪನಿಯನ್ನು ಮಾರುವ ಪ್ರಸ್ತಾಪ ಬಂದಾಗ ಸ್ಥಾಪಕರಲ್ಲಿ ಐವರು ಕೂಡಿ ಚರ್ಚಿಸಿದ್ದನ್ನು ನಾರಾಯಣಮೂರ್ತಿಯವರು ಬಹಿರಂಗ ಭಾಷಣದಲ್ಲಿ ಸ್ಮರಿಸಿದ್ದಾರೆ. ಉಳಿದವರು ಮಾರಲು ಇಚ್ಛಿಸಿದರೆ ಅವರೆಲ್ಲರ ಪಾಲನ್ನೂ ತಾವೇ ಕೊಳ್ಳುವುದಾಗಿ ಅವರು ಹೇಳಿದರು. ಕೊನೆಗೆ ಎಲ್ಲರೂ ಉಳಿಯಲು ಒಪ್ಪಿದರು. 1993ರಲ್ಲಿ 95 ರೂಪಾಯಿಯಂತೆ ಷೇರುಗಳನ್ನು ಸಾರ್ವಜನಿಕರಿಗೆ ನೀಡಿದಾಗಲೂ ಪೂರ್ಣ ಬೇಡಿಕೆ ಬರಲಿಲ್ಲ. ಮಾರ್ಗನ್ ಸ್ಟ್ಯಾನ್ಲಿ ಸಂಸ್ಥೆ ಮುಂದೆ ಬಂದು ಪಾಲು ಕೊಳ್ಳಬೇಕಾಯಿತು. ಕಷ್ಟದ ದಿನ ಬಂದಾಗ ಯಾರು ಉಳಿಯುತ್ತಾರೆ? ಹೂಡಿಕೆದಾರನು ಹತ್ತು ಬಗೆಯಲ್ಲಿ ತಿರುಗಿಸಿ ಕೇಳುವುದು ಇದೊಂದನ್ನೇ.

ಪುಟದಲ್ಲಿ ಇರಬೇಕಾದದ್ದು

ನನ್ನ ಅನುಭವ ಮತ್ತು ವಿಚಾರಣೆಯ ಮೇರೆಗೆ, ತಂಡದ ಪರಿಚಯದಲ್ಲಿ ಐದು ಅಂಶಗಳು ಸ್ಪಷ್ಟವಾಗಿರಬೇಕು.

1. ಕೆಲಸ ಮತ್ತು ಅದಕ್ಕೆ ಆಧಾರ. ಪ್ರತಿಯೊಬ್ಬರ ಹೆಸರಿನ ಮುಂದೆ ಅವರು ಹೊತ್ತ ಹೊಣೆಯನ್ನೂ, ಆ ಹೊಣೆಗೆ ಅವರು ತಕ್ಕವರೆಂದು ತೋರಿಸುವ ಒಂದು ನಿಜಸಂಗತಿಯನ್ನೂ ಬರೆಯಬೇಕು. 'ಬಿ.ಇ., ಮೆಕ್ಯಾನಿಕಲ್' ಎಂಬುದು ಪದವಿ; 'ನಾಲ್ಕು ವರ್ಷ ಯಂತ್ರಭಾಗಗಳ ಘಟಕದಲ್ಲಿ ಗಿರಾಕಿಗಳ ದೂರುಗಳನ್ನು ನಿರ್ವಹಿಸಿದವರು' ಎಂಬುದು ಆಧಾರ.

2. ಪೂರ್ಣಾವಧಿ ದುಡಿಯುವವರು ಯಾರು. ನೌಕರಿಯಲ್ಲಿರುವವರನ್ನು ಪೂರ್ಣಾವಧಿಯವರೆಂದು ತೋರಿಸುವುದು ಸುಳ್ಳಾಗುತ್ತದೆ. 'ಹಣ ದೊರೆತ ಮೂರು ತಿಂಗಳಲ್ಲಿ ನೌಕರಿ ಬಿಡುತ್ತಾರೆ' ಎಂಬುದು ನಿಜವಾದರೆ ಹಾಗೆಯೇ ಹೇಳಬೇಕು.

3. ಪಾಲು ಮತ್ತು ಅಗಲಿಕೆಯ ನಿಯಮ. ಯಾರಿಗೆ ಎಷ್ಟು ಪಾಲು, ಬಿಟ್ಟುಹೋದರೆ ಏನು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಪಾಲು ಒಮ್ಮೆಲೇ ಕೈಸೇರದೆ, ನಾಲ್ಕು ವರ್ಷಗಳ ದುಡಿಮೆಯೊಡನೆ ಹಂತಹಂತವಾಗಿ ಹಕ್ಕಾಗುವ ಪದ್ಧತಿ ಈಗ ಬಹುವಾಗಿ ರೂಢಿಯಲ್ಲಿದೆ. ಮೊದಲ ವರ್ಷ ತುಂಬುವ ಮುನ್ನ ಹೋದವರಿಗೆ ಏನೂ ಇಲ್ಲ. ಈ ಕ್ರಮದಲ್ಲಿ ಶೇಕಡಾ 24ರ ಪಾಲುದಾರ ಎರಡು ವರ್ಷಕ್ಕೆ ಬಿಟ್ಟರೆ ಶೇಕಡಾ 12 ಮಾತ್ರ ಅವನದಾಗುತ್ತದೆ. ಕುಲುಮೆಯ ಹತ್ತಿರ ನಿಲ್ಲುವ ಹಿರಿಯರಿಗೂ ಇದೇ ಕ್ರಮದಲ್ಲಿ ಒಂದು ಪಾಲನ್ನು ಮೀಸಲಿಡುವುದು ಔದಾರ್ಯದ ವಿಷಯವಲ್ಲ, ಉದ್ಯಮದ ಭದ್ರತೆಯ ವಿಷಯ.

4. ಇಲ್ಲದಿರುವುದು ಏನು. ತಂಡದಲ್ಲಿ ಮಾರಾಟ ಬಲ್ಲವರಿಲ್ಲದಿದ್ದರೆ ಇಲ್ಲವೆಂದು ಹೇಳಿ, ಯಾವಾಗ ಹೇಗೆ ತುಂಬುವೆವೆಂದು ತಿಳಿಸಬೇಕು. ನಾವು ಹೇಳದ ಕೊರತೆಯನ್ನು ಹೂಡಿಕೆದಾರನೇ ಕಂಡುಹಿಡಿದರೆ, ನಾವು ಹೇಳಿದ ಉಳಿದ ಮಾತುಗಳ ಮೇಲೂ ಅವನಿಗೆ ಸಂಶಯ ಬರುತ್ತದೆ.

5. ಮನೆಯವರ ನಿಜವಾದ ಪಾತ್ರ. ತಂದೆಯವರು ನಿವೇಶನ ಕೊಟ್ಟಿದ್ದರೆ ನಿವೇಶನದ ಮಾಲೀಕರೆಂದೇ ಬರೆಯಬೇಕು. ಸರ್ಕಾರದ ಸೌಲಭ್ಯಕ್ಕಾಗಿ ಪತ್ನಿಯ ಹೆಸರನ್ನು ನಿರ್ದೇಶಕರ ಪಟ್ಟಿಯಲ್ಲಿ ಸೇರಿಸಿ ಸಭೆಗೆ ಕರೆತರದಿರುವ ಪದ್ಧತಿ ಎಷ್ಟು ತಪ್ಪೋ, ಬಿಲ್ಲು, ಜಿ.ಎಸ್.ಟಿ., ಸಂಬಳದ ಲೆಕ್ಕಗಳನ್ನೆಲ್ಲ ನಿಜವಾಗಿ ನಿರ್ವಹಿಸುವ ಮನೆಯ ಹೆಣ್ಣುಮಗಳ ಹೆಸರನ್ನು ಬಿಟ್ಟುಬಿಡುವುದೂ ಅಷ್ಟೇ ತಪ್ಪು.

ಆಕ್ಷೇಪಗಳು

ಇದಕ್ಕೆ ಕೆಲವು ಆಕ್ಷೇಪಗಳನ್ನು ನಾನು ಕೇಳಿದ್ದೇನೆ. ನಮ್ಮ ಕಡೆಯವರಿಗೆ ತಮ್ಮನ್ನು ತಾವೇ ಹೊಗಳಿಕೊಳ್ಳುವ ಅಭ್ಯಾಸವಿಲ್ಲ ಎಂಬುದು ಮೊದಲನೆಯದು. ಮಲೆನಾಡಿನವರ ಈ ಸಂಕೋಚವನ್ನು ನಾನು ಗೌರವಿಸುತ್ತೇನೆ. ಆದರೆ ಮಾಡಿದ ಕೆಲಸವನ್ನು ಇದ್ದಂತೆ ಹೇಳುವುದು ಹೊಗಳಿಕೆಯಾಗುವುದಿಲ್ಲ. ಅಲ್ಲದೆ ಜೊತೆಯವರ ಕೆಲಸವನ್ನು ಹೇಳದೆ ಮುಚ್ಚಿಡುವುದು ವಿನಯವೂ ಅಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ನುರಿತ ಕೆಲಸಗಾರರ ಹೆಸರನ್ನು ಬಹಿರಂಗಪಡಿಸಿದರೆ ಪ್ರತಿಸ್ಪರ್ಧಿಗಳು ಅವರನ್ನು ಸೆಳೆದುಕೊಳ್ಳುತ್ತಾರೆ ಎನ್ನುತ್ತಾರೆ. ಈ ಭಯ ನಿರಾಧಾರವಲ್ಲ. ಆದರೆ ಶಿವಮೊಗ್ಗ, ಭದ್ರಾವತಿಗಳಷ್ಟು ಹತ್ತಿರದ ಊರುಗಳಲ್ಲಿ ಯಾರ ಕೈಯಲ್ಲಿ ಯಾವ ವಿದ್ಯೆ ಇದೆ ಎಂಬುದು ಪ್ರತಿಸ್ಪರ್ಧಿಗೆ ಈಗಾಗಲೇ ಗೊತ್ತಿರುತ್ತದೆ. ಗೊತ್ತಿಲ್ಲದವನು ಹಣ ತರುವ ಹೊರಗಿನವನೊಬ್ಬನೇ. ಕೆಲಸಗಾರನನ್ನು ಉಳಿಸಿಕೊಳ್ಳುವ ದಾರಿ ಅವನ ಹೆಸರನ್ನು ಬಚ್ಚಿಡುವುದರಲ್ಲಿಲ್ಲ, ಅವನಿಗೆ ಪಾಲು ಮತ್ತು ಗೌರವ ಕೊಡುವುದರಲ್ಲಿದೆ.

ಹೊರಗಿನವರ ಪಾಲು ಬಂಡವಾಳವೇ ಬೇಡ, ಸಾಲವೇ ಲೇಸು ಎನ್ನುವವರೂ ಇದ್ದಾರೆ. ಅನೇಕ ಉದ್ಯಮಗಳಿಗೆ ಅದು ಸರಿಯಾದ ಮಾತೇ. ಡೋರಿಯೋ ಅವರ ಸಂಸ್ಥೆ 70,000 ಡಾಲರಿಗೆ ಕಂಪನಿಯ ಶೇಕಡಾ 70ರಷ್ಟು ಪಾಲನ್ನು ಪಡೆದಿತ್ತೆಂಬುದನ್ನು ಮರೆಯಬಾರದು. ಹಣ ಪಡೆಯುವವರೂ ಹೂಡಿಕೆದಾರನ ಪೂರ್ವಾಪರಗಳನ್ನು ಅವನಿಂದ ಹಿಂದೆ ಹಣ ಪಡೆದವರಲ್ಲಿ ವಿಚಾರಿಸಲೇಬೇಕು. ಆದರೆ ತಂಡದ ಪುಟವನ್ನು ಪ್ರಾಮಾಣಿಕವಾಗಿ ಬರೆದ ಶ್ರಮ, ಯಾರ ಹಣವನ್ನೂ ಪಡೆಯದಿದ್ದರೂ ವ್ಯರ್ಥವಾಗದು. ನಾವು ಮೂವರು ಸ್ನೇಹಿತರು ಆ ಒಂದು ಪುಟವನ್ನು ಬರೆಯಲು ಒಂದು ಸಂಜೆ ಕುಳಿತಿದ್ದರೆ ಆ ಲೇತ್ ಯಂತ್ರ ಮಾರಾಟವಾಗುತ್ತಿರಲಿಲ್ಲ.

ಒಂದು ಸಲಹೆ

ನಮ್ಮ ಸಂಘವು ತಿಂಗಳಿಗೊಂದು ಸಂಜೆಯನ್ನು ಇದಕ್ಕಾಗಿ ಮೀಸಲಿಡಬೇಕೆಂದು ನಾನು ವಿನಂತಿಸುತ್ತೇನೆ. ಹೊಸ ಉದ್ಯಮದ ತಂಡವೊಂದು ಬಂದು ತನ್ನನ್ನು ಪರಿಚಯಿಸಿಕೊಳ್ಳಲಿ. ಕೇಳಲು ಒಬ್ಬ ಮಂಡಿ ವರ್ತಕರು, ಒಬ್ಬ ಎರಕದ ಘಟಕದ ಮಾಲೀಕರು, ಒಬ್ಬ ಲೆಕ್ಕ ಪರಿಶೋಧಕರು, ಇಂಜಿನಿಯರಿಂಗ್ ಕಾಲೇಜಿನ ಒಬ್ಬ ಅಧ್ಯಾಪಕರು ಕುಳಿತರೆ ಸಾಕು. ನಿಯಮ ಒಂದೇ: ಮೊದಲ ಐದು ನಿಮಿಷ ಯಂತ್ರದ ಮಾತು, ಲಾಭದ ಮಾತು ಕೂಡದು, ಮನುಷ್ಯರ ಮಾತು ಮಾತ್ರ. ತಂಡದವರೆಲ್ಲರೂ ಬರಬೇಕು, ಎಲ್ಲರೂ ಒಂದೆರಡು ಮಾತಾಡಬೇಕು. ಇದಕ್ಕೆ ಖರ್ಚಿಲ್ಲ, ಅನುಭವಿಗಳ ಎರಡು ಗಂಟೆಯ ಸಮಯವಷ್ಟೇ ಬೇಕು.

1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯ ಸ್ಥಾಪನೆಗೆ ವಿಶ್ವೇಶ್ವರಯ್ಯನವರು ಪ್ರೇರಣೆ ನೀಡಿದಾಗ, ವರ್ತಕರೂ ಉದ್ಯಮಿಗಳೂ ಒಂದೆಡೆ ಕೂಡಿ ಪರಸ್ಪರರ ಅನುಭವದಿಂದ ಬೆಳೆಯಲಿ ಎಂಬ ಆಶಯ ಅದರ ಹಿಂದಿತ್ತು. ಅದೇ ಆಶಯದ ವಾರಸುದಾರರಾದ ನಾವು ಇಷ್ಟನ್ನಾದರೂ ಮಾಡಬಹುದು. ಆ ಸಂಜೆಗಳಲ್ಲಿ ಹಿಂದಿನ ಸಾಲಿನ ಹಿರಿಯರಿಗೆ ಮೊದಲ ಸಾಲಿನಲ್ಲಿಯೇ ಆಸನ ಹಾಕೋಣ. ಸದಸ್ಯರು ಈ ಸಲಹೆಯ ಬಗ್ಗೆ ತಮ್ಮ ಅಭಿಪ್ರಾಯಗಳನ್ನು ಮುಂದಿನ ಸಂಚಿಕೆಗೆ ಬರೆದು ತಿಳಿಸಬೇಕಾಗಿ ಕೋರುತ್ತೇನೆ.